ಮಾದರಿ ನೋಡದೆ ಮಾಲು ಒಪ್ಪುವುದುಂಟೆ?

ಮದುವೆ ಆಲ್ಬಮ್ ಕೈಗೆ ಬರುವ ಮೊದಲು ಫೋಟೋಗಳನ್ನು ಮನೆಯವರಿಗೆ ತೋರಿಸಬೇಕೆ, ಬೇಡವೆ? ಇದೂ ಒಂದು ಪ್ರಶ್ನೆಯೇ ಎಂದು ನಗುವವರಿದ್ದಾರೆ. ಎರಡು ವರ್ಷದ ಹಿಂದೆ ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ನಮ್ಮ ಮನೆ ಅವಿನಾಶಿ ಕಡೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಹಿರಿಯರದ್ದು ಮಗ್ಗ. ನನ್ನದು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಉಳಿದ ಬಟ್ಟೆ ಕೊಂಡು ಮಾರುವ ವ್ಯಾಪಾರ. ಮಗಳ ಮದುವೆಗೆ ಕೊಯಮತ್ತೂರು ಕಡೆಯ ಒಬ್ಬ ಫೋಟೋಗ್ರಾಫರ್‌ಗೆ ಹೇಳಿದ್ದೆವು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. "ಮುಂಚೆ ತೋರಿಸೋ ಪದ್ಧತಿ ಇಲ್ಲಣ್ಣ. ಒಂದೇ ಸಲ ಆಲ್ಬಮ್ ನೋಡಿ, ನಿಮಗೇ ಸಂತೋಷ ಆಗುತ್ತೆ" ಅಂದ. ನಾನೂ ಹೂಂ ಅಂದೆ.

ಆ ಮದುವೆಗೆ ನನ್ನ ಹೆಂಡತಿಯ ಅಣ್ಣ, ಅಂದರೆ ಹುಡುಗಿಯ ಸೋದರಮಾವ, ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದಿದ್ದರು. ತಮಿಳಿನವರು ತಾಯ್‌ಮಾಮನ್ ಎನ್ನುವ ಆ ಸ್ಥಾನ ಎಂಥದ್ದೆಂದು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಕೂತೇ, ನಡುಗುವ ಕೈಯಿಂದ ಮಗುವಿನ ತಲೆಗೆ ಅಕ್ಷತೆ ಹಾಕಿದರು. ಹತ್ತು ನಿಮಿಷ ಇದ್ದು ಹೊರಟರು. ಮೂರು ತಿಂಗಳಿಗೆ ತೀರಿಕೊಂಡರು.

ಆಲ್ಬಮ್ ಬಂದದ್ದು ಐದನೆಯ ತಿಂಗಳಿಗೆ. ಹೆಂಡತಿ ಒಂದೊಂದೇ ಪುಟ ತಿರುವಿದಳು. ಅಣ್ಣ ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದೆ. "ಅವರದು ನಾಲ್ಕೈದು ಇತ್ತಣ್ಣ. ಒಂದರಲ್ಲಿ ಕಣ್ಣು ಮುಚ್ಚಿದಾರೆ, ಒಂದರಲ್ಲಿ ಕೈ ಅಲ್ಲಾಡಿ ಮಸುಕಾಗಿದೆ. ಚೆನ್ನಾಗಿಲ್ಲ ಅಂತ ತೆಗೆದುಬಿಟ್ಟೆ. ಡಿಸ್ಕನ್ನೂ ಖಾಲಿ ಮಾಡಿಬಿಟ್ಟಿದ್ದೀನಲ್ಲ" ಅಂದ. ಬೇಕೆಂದೇ ಮಾಡಿದ ಎನ್ನಲಾರೆ. ಅವನ ಕಣ್ಣಿಗೆ ಅದು ಕೆಟ್ಟ ಫೋಟೋ. ನಮಗೆ ಅದೊಂದೇ ಫೋಟೋ.

ಆಮೇಲೆ ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಇಷ್ಟು ವರ್ಷ ತಿರುಪ್ಪೂರಿನಲ್ಲಿ ಓಡಾಡಿದವನು ನಾನು. ಅಲ್ಲಿ ಮಾದರಿ ಒಪ್ಪಿಗೆಯಾಗದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಬೈಯರ್ ಒಂದು ಬಣ್ಣ ಹೇಳಿದರೆ ಡೈಯಿಂಗ್‌ನವರು ಅಂಗೈಯಗಲದ ಚೂರುಗಳಿಗೆ ಬಣ್ಣ ಹಾಕಿ ಎ, ಬಿ, ಸಿ ಎಂದು ಗುರುತು ಮಾಡಿ ಕಳಿಸುತ್ತಾರೆ. ಅದಕ್ಕೆ ಲ್ಯಾಬ್ ಡಿಪ್ ಎಂದು ಹೆಸರು. ಆತ ಇದು ಸರಿ ಎಂದ ಚೂರನ್ನು ಜೋಪಾನವಾಗಿ ಇಟ್ಟುಕೊಂಡು, ಅದಕ್ಕೆ ಹೊಂದಿಸಿ ಉಳಿದ ಬಟ್ಟೆಗೆ ಬಣ್ಣ. ಪ್ರಿಂಟ್ ಇದ್ದರೆ ಅದಕ್ಕೆ ಬೇರೆ ಮಾದರಿ, ಅಳತೆಗೆ ಬೇರೆ ಮಾದರಿ. ಕೊನೆಗೆ ಪಿಪಿ ಸ್ಯಾಂಪಲ್ ಒಪ್ಪಿಗೆಯಾದ ಮೇಲೆಯೇ ಕಟಿಂಗ್ ಟೇಬಲ್. ನೂರಿನ್ನೂರು ರೂಪಾಯಿಯ ಟೀ ಶರ್ಟಿಗೆ ಇಷ್ಟು ಜಾಗ್ರತೆ!

ರೈತರ ವಿಷಯವೂ ಅಷ್ಟೆ. ಚಾಮರಾಜನಗರ ಕಡೆಯ ಅರಿಶಿಣ ಈರೋಡ್ ಮಾರುಕಟ್ಟೆಗೆ ಇಳಿದರೆ, ವ್ಯಾಪಾರಿ ಮಾದರಿಯ ಕೊಂಬು ಮುರಿದು ನೋಡದೆ ಬೆಲೆ ಹೇಳುತ್ತಾನೆಯೇ? ಜೀವಮಾನಕ್ಕೊಮ್ಮೆ ನಡೆಯುವ ಮದುವೆಯ ಫೋಟೋವನ್ನು ಮಾತ್ರ ನಾವು ಕಣ್ಣುಮುಚ್ಚಿ ಒಪ್ಪುತ್ತೇವೆ.

"ಹಿಂದೆ ಯಾರು ತೋರಿಸುತ್ತಿದ್ದರು?" ಎಂದು ಕೇಳುವವರಿದ್ದಾರೆ. ನಿಜ. ರೀಲಿನ ಕಾಲದಲ್ಲಿ 120ರ ರೋಲಿಗೆ 12 ಚೌಕ ಫೋಟೋ, 35 ಎಂ.ಎಂ. ರೋಲಿಗೆ 36. ಎಣಿಸಿ ತೆಗೆಯುತ್ತಿದ್ದರು. ನೆಗೆಟಿವ್ ಪಟ್ಟಿಯನ್ನು ಕಾಗದದ ಮೇಲಿಟ್ಟು ಸಣ್ಣ ಕಾಂಟ್ಯಾಕ್ಟ್ ಪ್ರಿಂಟ್ ಹಾಕಿ ತೋರಿಸುವ ಸ್ಟುಡಿಯೋಗಳೂ ಇದ್ದವು. ತೋರಿಸದಿದ್ದರೂ ಒಂದು ಧೈರ್ಯವಿತ್ತು: ಆಲ್ಬಮ್ಮಿಗೆ ಸೇರದ ಫೋಟೋ ನೆಗೆಟಿವ್‌ನಲ್ಲಿ ಉಳಿದಿರುತ್ತಿತ್ತು. ಹತ್ತು ವರ್ಷ ಬಿಟ್ಟು ಹೋದರೂ ಹುಡುಕಿ ಪ್ರಿಂಟ್ ಹಾಕಿಸಬಹುದಿತ್ತು. ಇವತ್ತು ಒಂದು ಮದುವೆಗೆ ಸಾವಿರಗಟ್ಟಲೆ ಕ್ಲಿಕ್. ಆರಿಸಿದ್ದು ಉಳಿಯುತ್ತದೆ, ಆರಿಸದ್ದು ಡಿಸ್ಕಿನಲ್ಲಿ ಜಾಗ ಬೇಕೆಂದು ಅಳಿದುಹೋಗುತ್ತದೆ. ಆದ್ದರಿಂದ ಆರಿಸುವವರು ಯಾರು ಎಂಬುದು ಹಿಂದಿಗಿಂತ ಈಗಲೇ ದೊಡ್ಡ ಮಾತು. ಬೆಳಕು, ಕೋನ, ಬಣ್ಣ ಫೋಟೋಗ್ರಾಫರ್‌ಗೆ ಗೊತ್ತು. ಯಾರು ಯಾರಿಗೆ ಏನಾಗಬೇಕು ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಹಾಗೆಂದು ಫೋಟೋಗ್ರಾಫರ್‌ಗಳ ಕಷ್ಟ ಸುಳ್ಳಲ್ಲ. ಮೆಟ್ಟುಪಾಳ್ಯಂ ಕಡೆ ನಮ್ಮ ಪರಿಚಯದ ಹುಡುಗನೊಬ್ಬ ಈ ಕೆಲಸದಲ್ಲಿದ್ದಾನೆ. ಪಾಪ, ನಂಬಿ ಮೂರನೆಯ ದಿನವೇ ತಿದ್ದದ ಫೋಟೋಗಳನ್ನು ಕಳಿಸಿದ. ಸಂಜೆಯೊಳಗೆ ಅವು ನೆಂಟರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿದವು. "ಹುಡುಗಿ ಮುಖ ಯಾಕೆ ಕಪ್ಪಾಗಿದೆ?" ಎಂದು ಯಾರೋ ಅಂದರು, ಹುಡುಗಿ ಅತ್ತಳು, ಕೆಟ್ಟ ಹೆಸರು ಬಂದದ್ದು ಇವನಿಗೆ. ಇನ್ನೊಂದು ಮನೆಯವರು ಫೋನಿನಲ್ಲಿದ್ದ ಚಿತ್ರಗಳೇ ಸಾಕೆಂದು ಬಾಕಿ ಹಣವನ್ನೇ ಕೊಡಲಿಲ್ಲ. ಇಂಥವರನ್ನು ನೋಡಿದ ಮೇಲೆ "ತೋರಿಸೋದಿಲ್ಲ" ಎಂದರೆ ಅವನನ್ನು ದೂರುವಂತಿಲ್ಲ.

ಬಣ್ಣದ ತಕರಾರೂ ಇದೆ. ಸಿರುಮುಗೈ ರೇಷ್ಮೆಯ ಮರೂನ್ ಸೀರೆ ಒಂದು ಫೋನಿನಲ್ಲಿ ಕೆಂಪು, ಇನ್ನೊಂದರಲ್ಲಿ ಕಂದು. ಇದಕ್ಕೂ ತಿರುಪ್ಪೂರಿನಲ್ಲಿ ದಾರಿ ಕಂಡುಕೊಂಡಿದ್ದಾರೆ. ಒಂದು ಬೆಳಕಿನಲ್ಲಿ ಹೊಂದಿದ ಬಣ್ಣ ಇನ್ನೊಂದರಲ್ಲಿ ಹೊಂದದೆ ಹೋಗಬಹುದೆಂದು ಲೈಟ್ ಬಾಕ್ಸ್‌ನಲ್ಲಿಟ್ಟು, ಹಗಲಿನಂಥ ಡಿ 65 ಬೆಳಕಿನಲ್ಲೊಮ್ಮೆ, ಅಂಗಡಿಯಂಥ ಟಿಎಲ್ 84 ಬೆಳಕಿನಲ್ಲೊಮ್ಮೆ ನೋಡುತ್ತಾರೆ. ಯಾವ ಬೆಳಕಿನಲ್ಲಿ ನೋಡಬೇಕು ಎಂಬುದು ಮೊದಲೇ ಮಾತಾಗಿರುತ್ತದೆ. ಫೋಟೋಕ್ಕೂ ಹಾಗೆಯೇ: ಜನರನ್ನು ಫೋನಿನಲ್ಲಿ ಆರಿಸಿ, ಬಣ್ಣವನ್ನು ಮಾತ್ರ ಪ್ರಿಂಟ್ ಹಾಕಿದ ಒಂದೆರಡು ಹಾಳೆ ನೋಡಿ ಒಪ್ಪಿ.

ಕಾನೂನಿನ ಮಾತೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವನೇ. ಬೇರೆ ಒಪ್ಪಂದವಿದ್ದರೆ ಒಪ್ಪಂದದಂತೆ. ಆದರೆ ಮದುವೆ ಮನೆಯವರು ಕಾಯ್ದೆ ಹಿಡಿದುಕೊಂಡು ಓಡಾಡಲು ಆಗುತ್ತದೆಯೇ? ಮುಂಗಡ ಕೊಡುವ ದಿನವೇ ನಾಲ್ಕು ಸಾಲು ಬರೆದುಕೊಂಡರೆ ಜಗಳವೇ ಇಲ್ಲ.

ನನಗೆ ತೋಚಿದ್ದು ಇಷ್ಟು. ಹದಿನೈದು ದಿನದೊಳಗೆ ಎಲ್ಲ ಫೋಟೋಗಳನ್ನೂ ಸಣ್ಣ ಅಳತೆಯಲ್ಲಿ, ಅಡ್ಡ ಗುರುತು ಮತ್ತು ನಂಬರ್ ಹಾಕಿ ತೋರಿಸಲಿ. ಕಣ್ಣು ಮುಚ್ಚಿದ್ದು, ಮಸುಕಾದದ್ದು ಎಂದು ಮೊದಲೇ ಬಿಸಾಡುವುದು ಬೇಡ. ಮನೆಯವರು ಅದನ್ನು ಯಾರಿಗೂ ಫಾರ್ವರ್ಡ್ ಮಾಡಬಾರದು. ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೇಳಿದ ದಿನದೊಳಗೆ ನಂಬರ್ ಬರೆದು ಕೊಡಬೇಕು. ಆಲ್ಬಮ್ ಪುಟಗಳನ್ನು ಪ್ರಿಂಟಿಗೆ ಹಾಕುವ ಮುನ್ನ ಇನ್ನೊಮ್ಮೆ ತೋರಿಸಲಿ, ತಿದ್ದುಪಡಿ ಎರಡು ಸಲಕ್ಕೆ ಮುಗಿಯಲಿ. ಆ ಒಪ್ಪಿಗೆಯ ದಿನವೇ ಬಾಕಿ ಹಣ ಕೊಟ್ಟುಬಿಡಿ. ಆಲ್ಬಮ್ ಕೊಟ್ಟ ಮೇಲೂ ಒಂದು ವರ್ಷ ಮೂಲ ಫೋಟೋ ಅಳಿಸಬಾರದು. ಅಳಿಸುವ ಮುಂಚೆ ಒಂದು ಮಾತು ಕೇಳಲಿ. ಅದಕ್ಕೆ ಡಿಸ್ಕಿನ ಖರ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡೋಣ.

ಇದರಿಂದ ಫೋಟೋಗ್ರಾಫರ್‌ಗೆ ನಷ್ಟವಿಲ್ಲ. ಮಾದರಿಗೆ ಒಪ್ಪಿಗೆ ಪಡೆದವನ ಮಾಲು ವಾಪಸು ಬರುವುದು ಕಡಿಮೆ ಎಂಬುದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತು.

ನಮ್ಮ ಮನೆಯ ಆಲ್ಬಮ್ ಬಹಳ ಚೆನ್ನಾಗಿದೆ. ನೋಡಿದವರೆಲ್ಲ ಹೊಗಳುತ್ತಾರೆ. ಹೆಂಡತಿ ಮಾತ್ರ ಆವತ್ತಿನಿಂದ ಅದನ್ನು ಬಿಚ್ಚಿಲ್ಲ. ಬರುವ ತೈ ತಿಂಗಳಲ್ಲಿ ಮಗನ ಮದುವೆ. ಫೋಟೋಗ್ರಾಫರ್ ಬಂದು ಕೂತರೆ ರೇಟಿಗಿಂತ ಮೊದಲು ನಾನು ಕೇಳುವುದು ಒಂದೇ: "ಯಾವತ್ತು ತೋರಿಸ್ತೀಯಪ್ಪ?"