ಕಾಗದ ಸಮಾನವಾಯಿತು, ಕಲಿಕೆ?

ಭೋಸರಿ, ಆಕುರ್ಡಿ, ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಿಗೆ ಈಚೆಗೆ ಹೊಸ ಬಗೆಯ ಹಿತೈಷಿಗಳು ಹುಟ್ಟಿಕೊಂಡಿದ್ದಾರೆ. ಪಾಳಿ ಮುಗಿಸಿ ಕೈಯ ಎಣ್ಣೆ ತೊಳೆಯುವಷ್ಟರಲ್ಲಿ ಅವರ ಫೋನು ಬರುತ್ತದೆ. “ಸರ್, ಮನೆಯಲ್ಲೇ ಕುಳಿತು ಪದವಿ ಪಡೆಯಿರಿ. ಹಣ ಕಂತಿನ ಮೇಲೆ ಕೊಟ್ಟರಾಯಿತು.” ಕಾರ್ಖಾನೆಯೊಳಗೆ ಯಾರೂ ನಮ್ಮನ್ನು ಸರ್ ಎಂದು ಕರೆಯುವುದಿಲ್ಲ. ಆ ಒಂದು ಮಾತಿಗೇ ಅರ್ಧ ಮನಸ್ಸು ಕರಗಿಹೋಗುತ್ತದೆ.

ನಾವು ಆನ್‌ಲೈನ್ ಶಿಕ್ಷಣದ ವೈರಿಗಳಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ವಾರವಾರ ಪಾಳಿ ಬದಲಾಗುವವನು ಯಾವ ಕಾಲೇಜಿನ ಬೆಂಚಿನ ಮೇಲೆ ಕುಳಿತಾನು? ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳತೊಡಗಿದ್ದು ಇಂಥವರಿಗಾಗಿ. 1989ರಲ್ಲಿ ನಾಸಿಕದಲ್ಲಿ ಯಶವಂತರಾವ ಚವ್ಹಾಣ ಮುಕ್ತ ವಿದ್ಯಾಪೀಠ ಹುಟ್ಟಿದ್ದೂ ಇಂಥವರಿಗಾಗಿಯೇ. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಇಡೀ ಪದವಿಯನ್ನೇ ಆನ್‌ಲೈನ್ ಮೂಲಕ ಕೊಡಲು ನಿಯಮ ರಚಿಸಿತು. 2020ರಲ್ಲಿ ಹೊಸ ನಿಯಮಗಳನ್ನು ತಂದಿತು. 2022ರ ಸೆಪ್ಟೆಂಬರಿನಲ್ಲಿ, ಮಾನ್ಯತೆಯುಳ್ಳ ಸಂಸ್ಥೆಯ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಸಾರಿತು. ಒಳ್ಳೆಯದೇ ಆಯಿತು. ಆದರೆ ಸಮಾನವಾದದ್ದು ಕಾಗದ. ಕಲಿಕೆ ಸಮಾನವಾಯಿತೇ?

ಆನ್‌ಲೈನ್ ಪಾಠಕ್ಕೆ ನಾಲ್ಕು ಅಂಗಗಳಿರಬೇಕೆಂದು ನಿಯಮ ಹೇಳುತ್ತದೆ: ವಿಡಿಯೋ ಪಾಠ, ಓದುವ ಪಠ್ಯ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂಶಯ ಕೇಳಿ ಚರ್ಚಿಸುವ ವೇದಿಕೆ. ನಮ್ಮ ಸಂಘದ ತರುಣನೊಬ್ಬ ಇಂಥದೊಂದು ಪದವಿಗೆ ಸೇರಿದನು. ವಿಡಿಯೋ ಬಂದಿತು, ಪಠ್ಯ ಬಂದಿತು. ಲೆಕ್ಕಪತ್ರದ ಪಾಠದಲ್ಲಿ ಅವನೊಂದು ಸಂಶಯ ಕೇಳಿದನು; ಅದಕ್ಕೆ ಉತ್ತರ ಇಂದಿಗೂ ಬಂದಿಲ್ಲ. ಸಾಲದ ಕಂತಿನ ನೆನಪು ಮಾತ್ರ ಪಗಾರದ ಮರುದಿನವೇ ತಪ್ಪದೆ ಬರುತ್ತದೆ. ಹಣ ಕೇಳುವುದಕ್ಕೆ ಆಳುಂಟು, ಪಾಠ ಹೇಳುವುದಕ್ಕೆ ಆಳಿಲ್ಲ. ಇದನ್ನು ವಿದ್ಯಾದಾನವೆನ್ನಬೇಕೋ ವ್ಯಾಪಾರವೆನ್ನಬೇಕೋ ಓದುಗರೇ ಹೇಳಲಿ.

“ಮಾನ್ಯತೆ ಇದೆಯಲ್ಲ, ಮತ್ತೇನು ಬೇಕು?” ಎನ್ನುವವರುಂಟು. ಮಾನ್ಯತೆಯ ಬೆಲೆ ಎಷ್ಟೆಂಬುದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಸರಕಾರವೇ ಸ್ಥಾಪಿಸಿದ ಸಂಸ್ಥೆ. ಅದು ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ರಾಜ್ಯದ ಗಡಿಯಾಚೆಗೂ ಕೇಂದ್ರಗಳನ್ನು ತೆರೆಯಗೊಟ್ಟು, ಅನುಮತಿಯಿಲ್ಲದ ತಾಂತ್ರಿಕ ಕೋರ್ಸುಗಳನ್ನೂ ನಡೆಸಿತು. 2015ರ ಜೂನಿನಲ್ಲಿ ಆಯೋಗವು, 2012-13ರಿಂದಾಚೆಗೆ ಅದಕ್ಕೆ ಮಾನ್ಯತೆಯಿಲ್ಲವೆಂದು ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಶುಲ್ಕ ಕಟ್ಟಿ ಓದಿದವರು ಕೈಯಲ್ಲಿ ಕಾಗದ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದರು. ಒಪ್ಪಂದಕ್ಕೆ ಸಹಿ ಹಾಕಿದವರು ವಿದ್ಯಾರ್ಥಿಗಳಲ್ಲ. ಶಿಕ್ಷೆ ಉಂಡವರು ಅವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ.

ಇದೊಂದೇ ಅಲ್ಲ. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದ ಮೂಲಕ ಅನುಮತಿಯಿಲ್ಲದೆ ಹಂಚಿದ ಇಂಜಿನಿಯರಿಂಗ್ ಪದವಿಗಳ ಮೇಲೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರು ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ಅನಂತರ ಸೇರಿದವರ ಪದವಿ ರದ್ದಾಯಿತು. ಡಿಪ್ಲೊಮಾ ಮುಗಿಸಿ, ಬಡ್ತಿಯ ಆಸೆಯಿಂದ ರಾತ್ರಿಯೆಲ್ಲ ಓದಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಇಂಜಿನಿಯರಿಂಗ್, ನರ್ಸಿಂಗ್, ಕಾನೂನು ಮುಂತಾದ ಪದವಿಗಳನ್ನು ಇಂದಿಗೂ ಆನ್‌ಲೈನ್ ಮೂಲಕ ಕೊಡುವಂತಿಲ್ಲವೆಂಬುದನ್ನು ನಮ್ಮವರು ಮರೆಯಬಾರದು.

ಅಂದು ಊರೂರಿಗೆ ಕೇಂದ್ರ ತೆರೆದ ದಲ್ಲಾಳಿಯೇ ಇಂದು ಫೋನಿನೊಳಗೆ ಸೇರಿಕೊಂಡಿದ್ದಾನೆ. ಖಾಸಗಿ ಕಂಪನಿಗಳೊಡನೆ ಫ್ರಾಂಚೈಸಿ ಒಪ್ಪಂದದ ಮೇಲೆ ಪದವಿ ನಡೆಸಕೂಡದೆಂದು ಆಯೋಗವು 2022ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಆಯೋಗದ ಕರ್ತವ್ಯ ಮುಗಿಯಿತೇ?

“ಸೇರುವ ಮುಂಚೆ ನೀವೇ ನೋಡಿಕೊಳ್ಳಬೇಕಿತ್ತು” ಎಂಬ ಬುದ್ಧಿವಾದ ನಮಗೆ ಹೊಸದಲ್ಲ. ಪ್ರೆಸ್ ಯಂತ್ರಕ್ಕೆ ಗಾರ್ಡು ಹಾಕಿಸದ ಮಾಲೀಕನೂ ಬೆರಳು ಕಳೆದುಕೊಂಡವನಿಗೆ ಇದನ್ನೇ ಹೇಳುತ್ತಿದ್ದನು. ಗಾರ್ಡು ಹಾಕಿಸುವುದು ಮಾಲೀಕನ ಹೊಣೆಯೆಂದು 1948ರಲ್ಲೇ ಕಾಯಿದೆಯಾಯಿತು. ವಿದ್ಯೆಯ ಯಂತ್ರಕ್ಕೂ ಗಾರ್ಡು ಹಾಕಿಸಿರೆಂದು ನಾವು ಕೇಳುತ್ತೇವೆ.

ಪ್ರತಿಯೊಂದು ಆನ್‌ಲೈನ್ ಪದವಿಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು, ಪಾಠ ಹೇಳುವವರು ಯಾರು ಯಾರು ಎಂಬುದನ್ನು ವಿಶ್ವವಿದ್ಯಾಲಯ ವರ್ಷವರ್ಷವೂ ಪ್ರಕಟಿಸತಕ್ಕದ್ದು. ಕೇಳಿದ ಸಂಶಯಕ್ಕೆ ಗೊತ್ತಾದ ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಸಂಸ್ಥೆಯ ತಪ್ಪಿನಿಂದ ಮಾನ್ಯತೆ ಹೋದರೆ ಶುಲ್ಕವನ್ನೂ ಸಾಲದ ಬಡ್ಡಿಯನ್ನೂ ಸಂಸ್ಥೆಯೇ ಹೊರತಕ್ಕದ್ದು. ಆನ್‌ಲೈನ್ ಪದವಿಗೆ ಪ್ರಾಂತದ ಗಡಿಯಿಲ್ಲ. ಆದುದರಿಂದ ಕರ್ನಾಟಕದ ವಿಶ್ವವಿದ್ಯಾಲಯಗಳು ಹೊರನಾಡಿನಲ್ಲಿ ದುಡಿಯುವವರಿಗೆ ಕನ್ನಡದಲ್ಲಿ ಪಾಠ ಹೇಳುವ ಪದವಿಗಳನ್ನು ನಡೆಸಲಿ. ಇಂಗ್ಲಿಷ್ ವಿಡಿಯೋದ ಮುಂದೆ ನಿದ್ದೆ ತೂಗುವ ನಮ್ಮ ಹುಡುಗನು ದಡ್ಡನಲ್ಲ. ಅವನಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿಲ್ಲ, ಅಷ್ಟೆ.

ಬಂಧುಗಳಿಗೂ ಒಂದು ಮಾತು. ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದ್ದರೆ ಸಾಲದು; ನೀವು ಸೇರುವ ಕೋರ್ಸಿನ ಹೆಸರೂ, ಈ ವರ್ಷವೂ ಅಲ್ಲಿ ಇರಬೇಕು. ಕಲಿಯುವ ಆಸೆಯಷ್ಟೇ ಇದ್ದರೆ 2017ರಲ್ಲಿ ಕೇಂದ್ರ ಸರಕಾರ ತೆರೆದ ಸ್ವಯಂ ವೇದಿಕೆಯಲ್ಲಿ ಪಾಠ ಕೇಳಲು ಹಣವಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಸಲ ಸಂಘಕ್ಕೆ ಬನ್ನಿ. ನಾಲ್ಕು ಜನ ಕೂಡಿ ಓದಿ ನೋಡೋಣ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ನಮ್ಮ ದುಡಿಮೆಯ ದುಡ್ಡಿನಿಂದ ಇನ್ನೊಮ್ಮೆ ನಿಜ ಮಾಡುವುದು ಬೇಡ.