ನಕಲು ಮಾಡುವುದೂ ಒಂದು ವಿದ್ಯೆ

ನಮ್ಮ ಕಾಲೇಜಿನಲ್ಲಿ ‘ನಕಲು’ ಎಂಬ ಮಾತಿಗೆ ಒಳ್ಳೆಯ ಅರ್ಥವಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಅದು ಅಪರಾಧ. ಹಾಗಿರುವುದು ನ್ಯಾಯವೂ ಹೌದು. ಆದರೆ ಲೇಖನಿ ಮತ್ತು ಮಸಿಯಿಂದ ಪ್ರಕೃತಿದೃಶ್ಯಗಳನ್ನು ಬರೆಯಲು ಕಲಿಯುವವನಿಗೆ ಹಿರಿಯ ಚಿತ್ರಕಾರರ ಕೃತಿಗಳನ್ನು ನಕಲು ಮಾಡುವುದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿದ ಮಿತ್ರರು ನಗುತ್ತಾರೆ. “ಕಣ್ಣೆದುರಿಗೇ ಕೆರೆಯಿದೆ, ಗುಡ್ಡವಿದೆ, ಮತ್ತೊಬ್ಬರ ಎಂಜಲು ನಿನಗೇಕೆ?” ಎನ್ನುತ್ತಾರೆ.

ಮೊದಲು ನಾನೂ ಹಾಗೆಯೇ ಎಣಿಸಿದ್ದೆ. ಒಂದು ಸಂಜೆ ನಿಬ್ಬು, ಮಸಿಕುಡಿಕೆಗಳನ್ನು ಹಿಡಿದು ಊರ ಕೆರೆಯ ಏರಿಯ ಮೇಲೆ ಕುಳಿತು ಹುಣಿಸೆಮರದ ಎಲೆಗಳನ್ನೆಲ್ಲ ಒಂದೊಂದಾಗಿ ಬರೆಯಹೊರಟೆ. ಕತ್ತಲಾಗುವ ವೇಳೆಗೆ ಕಾಗದದ ಮೇಲೆ ಕರಿಯ ಕಂಬಳಿ ಹಾಸಿದಂತಾಗಿತ್ತು. ಪೆನ್ಸಿಲಾದರೆ ರಬ್ಬರಿನಿಂದ ಅಳಿಸಬಹುದು. ಮಸಿಯಲ್ಲಿ ಆ ಅನುಕೂಲವಿಲ್ಲ. ಕಪ್ಪು ಗೆರೆ, ಬಿಳಿಯ ಕಾಗದ ಇವೆರಡರಿಂದಲೇ ಬಿಸಿಲು, ನೆರಳು, ದೂರ, ಹತ್ತಿರ ಎಲ್ಲವನ್ನೂ ತೋರಿಸಬೇಕು.

ಅದನ್ನು ತೋರಿಸುವ ಬಗೆ ಗುಡ್ಡವನ್ನು ನೋಡಿದ ಮಾತ್ರಕ್ಕೆ ತಿಳಿಯದು. ಗುಡ್ಡದಲ್ಲಿ ಗೆರೆಗಳೇ ಇಲ್ಲವಲ್ಲ! ಗೆರೆಯೆಂಬುದು ಮನುಷ್ಯರು ಮಾಡಿಕೊಂಡ ಒಂದು ಭಾಷೆ. ಅದನ್ನು ಬಲ್ಲವರಿಂದಲೇ ಕಲಿಯಬೇಕು. ನಾವು ಅಕ್ಷರ ಕಲಿತದ್ದಾದರೂ ಹೇಗೆ? ಮೇಷ್ಟರು ಸ್ಲೇಟಿನ ಮೇಲೆ ಬರೆದುಕೊಟ್ಟದ್ದನ್ನು ತಿದ್ದಿ ತಿದ್ದಿಯಲ್ಲವೆ?

ಹಾಲೆಂಡಿನ ರೆಂಬ್ರಾಂಟ್ (1606–1669) ಆಮ್‌ಸ್ಟರ್‌ಡ್ಯಾಮಿನ ಸುತ್ತಣ ಗುಡಿಸಲು, ಕಾಲುವೆಗಳ ಚಿತ್ರಗಳನ್ನು ಬರೆದಿದ್ದಾನೆ. ಅವುಗಳ ಅಚ್ಚನ್ನು ಮುಂದಿಟ್ಟುಕೊಂಡು ಗೆರೆಗೆ ಗೆರೆ ಬರೆಯುತ್ತ ಹೋದಾಗ, ಆತ ಎಷ್ಟೊಂದನ್ನು ಬರೆಯದೆ ಬಿಟ್ಟಿದ್ದಾನೆಂದು ನನಗೆ ಅರಿವಾಯಿತು. ನೀರಿರುವ ಕಡೆ ಬಹುಮಟ್ಟಿಗೆ ಬರಿಯ ಕಾಗದ. ದಡದ ಕೆಳಗೆ ನಾಲ್ಕು ಗೀರು. ವಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿದ್ದಾಗ ಜೊಂಡಿನ ಕಡ್ಡಿಯನ್ನು ಕೆತ್ತಿ ಮಾಡಿದ ಲೇಖನಿಯಿಂದ ಅಲ್ಲಿನ ಬಯಲನ್ನು ಬರೆದ. ಹತ್ತಿರದ ಹುಲ್ಲಿಗೆ ದಪ್ಪ ಗೀರುಗಳು, ದೂರದ ಹೊಲಕ್ಕೆ ಸಣ್ಣ ಚುಕ್ಕೆಗಳು. ಎಷ್ಟೋ ಸಲ ನೋಡಿದ್ದರೂ ಕೈಯಾರೆ ಬರೆಯುವವರೆಗೆ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಈ ಹಿರಿಯರೂ ನಕಲು ಮಾಡಲು ನಾಚಿದವರಲ್ಲ. ರೆಂಬ್ರಾಂಟ್ ಸುಮಾರು ಐವತ್ತರ ವಯಸ್ಸಿನಲ್ಲಿ ನಮ್ಮ ದೇಶದ ಮೊಗಲ್ ಕಿರುಚಿತ್ರಗಳನ್ನು ನೋಡಿ ಬರೆದುಕೊಂಡ. ಅಂಥವು ಇಪ್ಪತ್ತಕ್ಕೂ ಮಿಕ್ಕಿ ಇಂದಿಗೂ ಉಳಿದಿವೆ. ವಾನ್ ಗೋ ಕಲಿಕೆಯ ಆರಂಭದಲ್ಲಿ ಮಿಲೆಯ ಚಿತ್ರಗಳನ್ನು ನಕಲು ಮಾಡಿದ. ಬಾಳಿನ ಕೊನೆಯಲ್ಲಿಯೂ ಮಾಡಿದ. ಸಂಗೀತಗಾರನು ಬೇರೊಬ್ಬರ ರಚನೆಯನ್ನು ನುಡಿಸುವುದಕ್ಕೆ ಅದನ್ನು ಹೋಲಿಸಿದ.

ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ಅದಕ್ಕೆ ನಾನೇ ಸಾಕ್ಷಿ. ಹಿಂದೊಮ್ಮೆ ಚಿತ್ರಪ್ರದರ್ಶನವೊಂದರಲ್ಲಿ ನನ್ನ ನಕಲೊಂದನ್ನು ಮೂಲ ಚಿತ್ರಕಾರನ ಹೆಸರು ಬರೆಯದೆ ತೂಗುಹಾಕಿದೆ. ನೋಡಿದವರು ಬೆನ್ನು ತಟ್ಟಿದರು. ಅಧ್ಯಾಪಕರೊಬ್ಬರು ಬಹಳ ಹೊತ್ತು ನಿಂತು ನೋಡಿ, “ಇದು ಯಾವ ಊರಯ್ಯ?” ಎಂದು ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು. ನಾನು ಕಾಣದ ಊರು; ನನ್ನದಲ್ಲದ ಚಿತ್ರ. ಪರೀಕ್ಷೆಯ ಕೊಠಡಿಯ ನಕಲಿಗೂ ಅಂದಿನ ನನ್ನ ನಕಲಿಗೂ ಏನೂ ಅಂತರವಿರಲಿಲ್ಲ.

ಆದುದರಿಂದ ಈ ವಿದ್ಯೆಯನ್ನು ಕಲಿಯಬಯಸುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಧಾರಾಳವಾಗಿ ನಕಲು ಮಾಡಿರಿ. ಪ್ರತಿಯೊಂದರ ಕೆಳಗೂ ಮೂಲ ಚಿತ್ರಕಾರನ ಹೆಸರನ್ನು ತಪ್ಪದೆ ಬರೆಯಿರಿ. ಬೆಳಿಗ್ಗೆ ಕಲಿತ ಗೆರೆಯನ್ನು ಸಂಜೆ ನಿಮ್ಮೂರಿನ ಮರದ ಮೇಲೆ, ಹೊಲದ ಮೇಲೆ ಪ್ರಯೋಗಿಸಿ ನೋಡಿರಿ. ಈಚೆಗೆ ನಾನು ಮತ್ತೆ ಅದೇ ಏರಿಯ ಮೇಲೆ ಕುಳಿತೆ. ಈ ಸಲ ಎಲೆಗಳನ್ನು ಎಣಿಸಲಿಲ್ಲ. ನೆರಳಿದ್ದ ಕಡೆ ಮಾತ್ರ ಗೀರೆಳೆದು ಉಳಿದುದನ್ನು ಬಿಟ್ಟೆ. ಚಿತ್ರ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆದರೆ ಯಾರಾದರೂ “ಇದು ಯಾವ ಊರು?” ಎಂದು ಕೇಳಿದರೆ ಈಗ ಅಳುಕಿಲ್ಲದೆ ಹೇಳಬಲ್ಲೆ.