ಮೌಂಟನ್ ಸೈಕಲ್ಲು ಕೊಳ್ಳುವ ಮುನ್ನ

ಪುಣೆಯಲ್ಲಿ ನೆಲೆಸಿರುವ ನಮ್ಮವರಲ್ಲಿ, ನಲವತ್ತು ದಾಟಿ ವೈದ್ಯರಿಂದ ರಕ್ತದೊತ್ತಡದ ಇಲ್ಲವೆ ಸಕ್ಕರೆಯ ಎಚ್ಚರಿಕೆ ಪಡೆದವರು ಸೈಕಲ್ಲಿನತ್ತ ಮರಳುತ್ತಿರುವುದು ಸಂತೋಷದ ಸಂಗತಿ. ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಊರಿಗೆ ಅದು ಒಪ್ಪುವಂಥದೂ ಹೌದು. ಆದರೆ ಹೀಗೆ ಉತ್ಸಾಹದಿಂದ ಕೊಂಡ ಮೌಂಟನ್ ಸೈಕಲ್ಲುಗಳಲ್ಲಿ ಎಷ್ಟೋ ಕೆಲವೇ ತಿಂಗಳಲ್ಲಿ ಸೊಸೈಟಿಯ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುತ್ತವೆ. ಇದಕ್ಕೆ ಸವಾರನ ಸೋಮಾರಿತನವೊಂದೇ ಕಾರಣವೆನ್ನುವುದು ಅನ್ಯಾಯ. ಅನೇಕ ವೇಳೆ ದೋಷವಿರುವುದು ಖರೀದಿಯಲ್ಲಿ.

ಟಾರು ರಸ್ತೆಯನ್ನು ಬಿಟ್ಟು ಇಳಿಯದವರಿಗೆ ಈ ಸೈಕಲ್ಲೇ ಬೇಡ. ಅದರ ಅಗಲವಾದ ಮುಳ್ಳುಟೈರು ಅವರಿಗೆ ವೃಥಾ ಶ್ರಮ. ಸಿಂಹಗಡದ ತಪ್ಪಲಿನ ಮಣ್ಣುದಾರಿಗಳಲ್ಲಿ ಓಡಾಡಬೇಕೆಂಬವರು ಮಾತ್ರ ಮುಂದೆ ಓದಲಿ.

ಮೂವತ್ತರಿಂದ ಅರವತ್ತು ಸಾವಿರದ ಮಧ್ಯಮ ಬೆಲೆಯಲ್ಲಿ ಗಿರಾಕಿಯ ಕಣ್ಣು ಕುಕ್ಕುವುದು ಮುಂದೆಯೂ ಹಿಂದೆಯೂ ಸ್ಪ್ರಿಂಗುಳ್ಳ ಸೈಕಲ್ಲು. ಅದನ್ನು ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಗ್ಗದ ಹಿಂಬದಿ ಸ್ಪ್ರಿಂಗು ತೂಕವನ್ನು ಹೆಚ್ಚಿಸುವುದಲ್ಲದೆ, ಏರಿನಲ್ಲಿ ಕುಗ್ಗಿ ಹಿಗ್ಗಿ ಕಾಲಿನ ಶಕ್ತಿಯನ್ನು ತಾನೇ ಕಬಳಿಸುತ್ತದೆ. ಮುಂದಿನ ಫೋರ್ಕಿಗೆ 100 ಮಿಲಿಮೀಟರ್ ಆಟವೂ, ಬೇಡವಾದಾಗ ಅದನ್ನು ಬಿಗಿಮಾಡುವ ಲಾಕೂ ಇದ್ದರೆ ಧಾರಾಳವಾಯಿತು.

21 ಗಿಯರೆಂಬ ಸಂಖ್ಯೆಗೂ ಮರುಳಾಗಬೇಕಿಲ್ಲ. ಕೇಳಬೇಕಾದುದು ಅತ್ಯಂತ ಹಗುರವಾದ ಗಿಯರು ಎಂಥದೆಂದು. ಮುಂದಿನ ಹಲ್ಲುಚಕ್ರಕ್ಕೆ 32, ಹಿಂದಿನ ಅತಿ ದೊಡ್ಡದಕ್ಕೆ 42 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಸುಮಾರು ಮುಕ್ಕಾಲು ಸುತ್ತು ತಿರುಗುತ್ತದೆ. ಏರಿನಲ್ಲಿ ವಯಸ್ಸಾದ ಮೊಣಕಾಲಿಗೆ ಇದಕ್ಕಿಂತ ಉಪಕಾರ ಬೇರೊಂದಿಲ್ಲ. ಒಟ್ಟು ಗಿಯರು ಒಂಬತ್ತೋ ಹತ್ತೋ ಇದ್ದರೆ ಸಾಕು.

ಬ್ರೇಕಿನ ವಿಷಯದಲ್ಲಂತೂ ಜಿಪುಣತನ ಸಲ್ಲದು. ಈ ಸೈಕಲ್ಲಿನ ಹುಟ್ಟುಕಥೆಯಲ್ಲಿಯೇ ಆ ಪಾಠವಿದೆ. 1976ರಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ತರುಣರು ಹಳೆಯ ದಪ್ಪಟೈರಿನ ಸೈಕಲ್ಲುಗಳಲ್ಲಿ ಬೆಟ್ಟವಿಳಿಯುವ ಪಂದ್ಯವನ್ನು ಆರಂಭಿಸಿದರು. ಹಿಂಚಕ್ರದ ಗುಂಬದೊಳಗಿನ ಬ್ರೇಕು ಕಾದು, ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಇಳಿದಾದ ಮೇಲೆ ಹೊಸ ಗ್ರೀಸು ತುಂಬಲೇಬೇಕು. ಆ ದಾರಿಗೆ ‘ರೀಪ್ಯಾಕ್’, ಅಂದರೆ ಮರಳಿ ತುಂಬು, ಎಂಬ ಹೆಸರೇ ನಿಂತಿತು! ಮರುವರ್ಷ ಅವರಲ್ಲೊಬ್ಬನಾದ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಫ್ರೇಮುಗಳನ್ನು ಕಟ್ಟತೊಡಗಿದ. ನಮ್ಮ ಮಳೆಗಾಲದ ಕೆಸರಿನಲ್ಲಿ ಇಳಿಯುವವರಿಗೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕೇ ಯೋಗ್ಯ. ಒಂದೆರಡು ಬೆರಳಿನ ಬಲಕ್ಕೆ ಅದು ಹಿಡಿಯುತ್ತದೆ.

ಇವೆಲ್ಲವುಗಳಿಗಿಂತ ಮಿಗಿಲಾದುದು ಅಳತೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಮಗನ ಅಳತೆಯದನ್ನು ತಂದೆ ಕೊಳ್ಳುವ ಪದ್ಧತಿ ನಮ್ಮಲ್ಲುಂಟು. ಬೆನ್ನುನೋವಿಗೆ ಅದೊಂದು ನೇರದಾರಿ. ನೆಲದ ಮೇಲೆ ಎರಡೂ ಪಾದವೂರಿ ನಿಂತಾಗ ಫ್ರೇಮಿನ ಮೇಲ್ಕೊಳವೆಗೂ ತೊಡೆಸಂದಿಗೂ ನಡುವೆ ಕನಿಷ್ಠ ಎರಡು ಅಂಗುಲದ ತೆರವಿರಬೇಕು. ಸೀಟಿನ ಮೇಲೆ ಕುಳಿತು ಪೆಡಲು ಅತ್ಯಂತ ಕೆಳಗಿದ್ದಾಗ ಮೊಣಕಾಲು ತುಸುವೇ ಮಡಿಚಿರಬೇಕು. ಸೀಟು ತೀರ ತಗ್ಗಿದ್ದರೆ ಮೊಣಕಾಲ ಚಿಪ್ಪಿನ ಮೇಲೆ ಹೊರೆ ಬೀಳುತ್ತದೆ. ಹೃದಯದ ತೊಂದರೆಯಿರುವವರು ವೈದ್ಯರನ್ನು ವಿಚಾರಿಸಿಯೇ ಏರುದಾರಿ ಹಿಡಿಯುವುದು ಕ್ಷೇಮ.

ಇನ್ನು ಅಂಗಡಿ. ಹತ್ತಿರದ್ದಾದರೆ ಕೊಂಚ ಹೆಚ್ಚು ಬೆಲೆಯಾದರೂ ಲೇಸು. ಮೊದಲ ತಿಂಗಳಲ್ಲಿ ಹೊಸ ತಂತಿಗಳು ಸಡಿಲಗೊಂಡು ಗಿಯರು ತಪ್ಪತೊಡಗುತ್ತದೆ. ಅದನ್ನು ಸರಿಪಡಿಸಿಕೊಡುವುದು ಬೆಲೆಯಲ್ಲಿ ಸೇರಿದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಬೇಕು.